ಗಿರಣಿಯಲ್ಲಿ ಓದುವ ದನಿ

“ಎಮ್ಮಿ ಹೊಂಡದಾಗಿಂದ ಏಳವಲ್ಲದು! ಗೌಡ್ರು ದಂಡಿ ಮ್ಯಾಲೆ ನಿಂತು ಕರದ್ರು!”

ಅಂಕಿತಾ ಗಂಟಲು ಹರಿಯುವಂತೆ ಓದಿದಳು. ಹಾಗೆ ಓದದೆ ಬೇರೆ ದಾರಿಯೇ ಇರಲಿಲ್ಲ. ಎರಡು ಮಾರು ದೂರದಲ್ಲಿ ಹಿಟ್ಟಿನ ಗಿರಣಿ ಗುಡುಗುಡು ಗುಡುಗುತ್ತಿತ್ತು. ಪಟ್ಟಾ ತಿರುಗುತ್ತಿತ್ತು, ಗೋಡೆ ನಡುಗುತ್ತಿತ್ತು, ಗೋಡೆಗೆ ಆತು ನಿಂತ ಡಬ್ಬಿಗಳೂ ಸಣ್ಣಗೆ ನಡುಗುತ್ತಿದ್ದವು.

“ಹೂಂ!” ಎಂದಳು ಅವ್ವ, ಸರೋಜವ್ವ. ಆಕೆ ಮೆಟ್ಟಿಲ ಮೇಲೆ ನಿಂತು ಗಿರಣಿಯ ಬಾಯಿಗೆ ಜೋಳ ಸುರಿಯುತ್ತಿದ್ದಳು. ಹುಬ್ಬು, ರೆಪ್ಪೆ, ತಲೆಗೂದಲು ಎಲ್ಲಾ ಬೆಳ್ಳಗಾಗಿದ್ದವು.

“ಹೂಂ” ಅಂದರೆ ಕೇಳಿಸಿತು, ಮುಂದೆ ಓದು ಅಂತ. ಅಂಕಿತಾಳ ಮನೆಯಲ್ಲಿ ಕತೆ ಹೇಳುವವರು ಎಷ್ಟು ಮುಖ್ಯವೋ ಹೂಂ ಅನ್ನುವವರೂ ಅಷ್ಟೇ ಮುಖ್ಯ. ಹೂಂ ಬರದಿದ್ದರೆ ಕತೆ ಅಲ್ಲಿಯೇ ನಿಂತುಬಿಡುತ್ತದೆ.

“ಗೌಡ್ರ ಅಂಗಿನೂ ರಾಡಿ ಆತು!”

“ಹೂಂ! ಆಗಬೇಕು ಅವ್ಗ!”

ಡಬ್ಬಿ ಇಟ್ಟು ಕಾಯುತ್ತಿದ್ದ ಹೆಂಗಸರೆಲ್ಲ ನಕ್ಕರು.

ಹತ್ತಿಮತ್ತೂರಿನ ಮಜೀದ ಕಾಕಾನ ಗಿರಣಿಗೆ ಪುಸ್ತಕಗಳ ನೀಲಿ ಕಪಾಟು ಬಂದು ಒಂದು ವರ್ಷವಾಗಿತ್ತು. ಸವಣೂರಿನ ಅಂಗಡಿಯವರು ಕೂಡಿ ಪುಸ್ತಕ ಕೊಡಿಸಿದ್ದರು. ಮಜೀದ ಕಾಕಾ ಗೋಡೆ ಕೊಟ್ಟಿದ್ದ. ಸಾಲೆಯ ಫರ್ಜಾನಾ ಟೀಚರ್ ಹದಿನೈದು ದಿನಕ್ಕೊಮ್ಮೆ ಬಂದು ಹಳೆಯ ಪುಸ್ತಕ ಒಯ್ದು ಹೊಸದನ್ನು ಇಡುತ್ತಿದ್ದರು. ಇದಕ್ಕೆ ‘ಮನಿಮಂದಿ ಓದು’ ಎಂದು ಹೆಸರು. ಶಿಗ್ಗಾಂವಿಯಲ್ಲಿ ಇಂಥದೇ ಕಪಾಟು ಒಂದು ದರ್ಜಿ ಅಂಗಡಿಯಲ್ಲಿದೆಯಂತೆ, ಹಂಸಭಾವಿಯಲ್ಲಿ ಹಾಲಿನ ಡೇರಿಯಲ್ಲಿದೆಯಂತೆ. ಮನೆಯ ದೊಡ್ಡವರು ಎಲ್ಲಿ ಕೆಲಸ ಮಾಡುತ್ತಾರೋ, ಎಲ್ಲಿ ಕಾಯುತ್ತಾರೋ ಅಲ್ಲಿಗೇ ಪುಸ್ತಕ ಬರಬೇಕು. ಒಂದೇ ನಿಯಮ. ಹುಡುಗರು ಒಬ್ಬರೇ ಓದುವಂತಿಲ್ಲ. ಮನೆಯವರೊಬ್ಬರು ಜೊತೆಗೆ ಇರಬೇಕು.

ಅಂಕಿತಾಗೆ ಇದಕ್ಕಿಂತ ಒಳ್ಳೆಯ ನಿಯಮ ಇನ್ನೊಂದಿರಲಿಲ್ಲ. ಅವ್ವ ಮುಂಜಾನೆ ಒಂಬತ್ತಕ್ಕೆ ಗಿರಣಿಗೆ ಬಂದರೆ ಸಂಜೆ ಏಳರವರೆಗೆ ಅಲ್ಲಿಯೇ. ಮನೆಗೆ ಹೋದರೆ ರೊಟ್ಟಿ, ಭಾಂಡೆ, ನೀರು. ಅವ್ವ ಪೂರಾ ತನ್ನವಳಾಗಿ ಸಿಗುತ್ತಿದ್ದುದು ಇಲ್ಲೇ, ಈ ಗದ್ದಲದಲ್ಲೇ, ದಿನಾ ಅರ್ಧ ತಾಸು.

ಆದರೆ ಇದರಿಂದ ಒಂದು ರೂಢಿ ಆಗಿಬಿಟ್ಟಿತ್ತು. ಕ್ಲಾಸಿನಲ್ಲಿ ಟೀಚರ್ “ಅಂಕಿತಾ, ಪಾಠ ಓದು” ಎಂದರೆ ಸಾಕು, ಪಕ್ಕದ ಕ್ಲಾಸಿನವರೂ ಪುಸ್ತಕ ತೆಗೆಯುತ್ತಿದ್ದರು.

“ಏ ಲೌಡ್‌ಸ್ಪೀಕರ್! ಸ್ವಲ್ಪ ಬಟನ್ ತಿರುವು!” ಎಂದು ಅವಳ ಕ್ಲಾಸಿನ ಲೋಹಿತ ಕಿವಿ ಮುಚ್ಚಿಕೊಳ್ಳುತ್ತಿದ್ದ.

“ನಿನ್ನ ಬಾಯಿಗೆ ಬಟನ್ ಹಚ್ಚತೇನಿ ನೋಡು!”

ಬುಧವಾರ ಫರ್ಜಾನಾ ಟೀಚರ್ ಗಿರಣಿಗೆ ಬಂದಾಗ ಅವರ ಮುಖ ಸಪ್ಪಗಿತ್ತು. ಮಜೀದ ಕಾಕಾ ಹೊರಗೆ ಕಟ್ಟೆಯ ಮೇಲೆ ಕುಂದರಿಸಿ ಚಹಾ ತರಿಸಿದ.

“ಶನಿವಾರ ಕುಬೇರಪ್ಪನವರು ಬರಾಕತ್ತಾರ,” ಎಂದರು ಟೀಚರ್. “ಸವಣೂರಾಗ ಗೊಬ್ಬರದಂಗಡಿ ಐತೆಲ್ಲ, ಅವರು. ಪುಸ್ತಕದ ವಂತಿಗಿ ಕೂಡಸಾವ್ರು ಅವರ. ಗಿರಣ್ಯಾಗ ಈ ಸಪ್ಪಳದಾಗ ಯಾರು ಓದ್ತಾರ, ಪುಸ್ತಕಕ್ಕ ಹಿಟ್ಟು ಬಡದು ಹಾಳಾಗ್ತಾವು, ಅಂತ ಯಾರೋ ಅಂದಾರಂತ. ಕಪಾಟು ಪಂಚಾಯ್ತಿ ಆಫೀಸಿಗೆ ಒಯ್ಯೂಣು ಅನ್ನಾಕತ್ತಾರ.”

“ಪಂಚಾಯ್ತಿ ಐದಕ್ಕ ಬಂದ್ ಆಗ್ತೈತ್ರಿ ಟೀಚರ್!” ಬಾಗಿಲಲ್ಲಿ ನಿಂತಿದ್ದ ಅಂಕಿತಾ ಅಂದಳು. “ಅವ್ವಾಗ ಬರಾಕ ಆಗೂದಿಲ್ರಿ!”

“ಗೊತ್ತೈತವಾ. ಅದಕ್ಕ ಶನಿವಾರ ನೀನೂ ನಿಮ್ಮವ್ವನೂ ಅವರ ಮುಂದ ಓದಿ ತೋರಸ್ರಿ. ಒಮ್ಮೆ ನೋಡಿದ್ರ ಅವರಿಗೆ ತಿಳಿತೈತಿ. ಆದ್ರ ಒಂದ ಮಾತು.” ಟೀಚರ್ ಅವಳ ಗಲ್ಲ ಹಿಡಿದರು. “ಒದರಬ್ಯಾಡ. ಸಣ್ಣ ದನಿಲೆ, ಚಂದಾಗಿ ಓದು.”

“ಆವಾಗ ಗಿರಣಿ ನಾ ಬಂದ್ ಇಡ್ತೇನಿ,” ಎಂದ ಮಜೀದ ಕಾಕಾ. “ಶುಕ್ರವಾರ ನಮಾಜಿಗೆ ಬಂದ್ ಮಾಡ್ತೇನಿ, ಈ ವಾರ ಶನಿವಾರ ಓದಿಗೂ ಬಂದ್. ಅದೂ ಪುಣ್ಯಾದ ಕೆಲಸ ಐತಿ.”

ಅಂಕಿತಾ ಹೊಸ ಪುಸ್ತಕ ಒಂದನ್ನು ಆರಿಸಿಕೊಂಡಳು. ಕಳೆದುಹೋದ ಕೋಳಿಮರಿಯ ಕತೆ. ಸಾಲೆಯಲ್ಲಿ ಊಟದ ಬಿಡುವಿನಲ್ಲಿ ಬೇವಿನ ಗಿಡದ ಕೆಳಗೆ ನಿಂತು ಸಣ್ಣ ದನಿಯಲ್ಲಿ ಓದಿ ರೂಢಿ ಮಾಡಿದಳು. ಲೋಹಿತನೇ ಪರೀಕ್ಷೆ ತೆಗೆದುಕೊಂಡ.

“ಇನ್ನೂ ಸಣ್ಣಕ. ಹಾಂ, ಈಗ ರೇಡಿಯೋದಾಗ ಓದಿದಂಗ ಆತು!”

ಅವ್ವನಿಗೆ ಮಾತ್ರ ಓದಿ ತೋರಿಸಲಿಲ್ಲ. ಕತೆ ಮೊದಲೇ ಗೊತ್ತಾದರೆ ಅವ್ವನ ಹೂಂಗೆ ರುಚಿ ಇರುವುದಿಲ್ಲ.

ಶನಿವಾರ ಮಧ್ಯಾಹ್ನ ಕುಬೇರಪ್ಪನವರು ಸ್ಕೂಟರಿನಲ್ಲಿ ಬಂದರು. ಬಿಳೀ ಅಂಗಿ, ಹಣೆಯ ಮೇಲೆ ವಿಭೂತಿ. ಗಿರಣಿಯ ತುಂಬ ಹಾರುತ್ತಿದ್ದ ಹಿಟ್ಟು ನೋಡಿ ಕರವಸ್ತ್ರ ತೆಗೆದು ಮೂಗಿಗೆ ಹಿಡಿದರು.

“ಬರ್ರಿ ಸಾವ್ಕಾರ್ರ, ಕುಂದರ್ರಿ.” ಮಜೀದ ಕಾಕಾ ಚೀಲ ಝಾಡಿಸಿ ಹಾಸಿದ. ಆಮೇಲೆ ಕೈ ಮೇಲೆತ್ತಿ ಸ್ವಿಚ್ ಕೆಳಗೆ ಮಾಡಿದ.

ಗಿರಣಿ ಗುರ್ರ್ ಎಂದು ನಿಧಾನವಾಗಿ ನಿಂತಿತು. ತಗಡಿನ ಮೇಲೆ ಗುಬ್ಬಿ ಕುಣಿಯುವ ಸಪ್ಪಳ ಕೇಳಿಸಿತು. ಯಾರೋ ಕೆಮ್ಮಿದರು. ಇಷ್ಟು ಶಾಂತವಾದ ಗಿರಣಿಯನ್ನು ಅಂಕಿತಾ ಎಂದೂ ನೋಡಿರಲಿಲ್ಲ.

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ಎದುರಿಗೆ ಕುಳಿತಳು. ಕೈ ಜೋಡಿಸಿ ಪುಸ್ತಕಕ್ಕೆ ನಮಸ್ಕಾರ ಮಾಡಿದಳು, ದಿನಾ ಮಾಡುವ ಹಾಗೆಯೇ.

ಅಂಕಿತಾ ಸಣ್ಣ ದನಿಯಲ್ಲಿ ಸುರು ಮಾಡಿದಳು. “ಒಂದು ಊರಿನಲ್ಲಿ ಒಂದು ಕೋಳಿ ಇತ್ತು. ಅದಕ್ಕೆ ಐದು ಮರಿಗಳು.”

ಅವ್ವ ಸುಮ್ಮನೆ ನೋಡುತ್ತಿದ್ದಳು. ಅಂಕಿತಾ ಕಾದಳು.

“ಹೂಂ,” ಎಂದಳು ಅವ್ವ, ತಡವಾಗಿ.

“ಒಂದು ಸಂಜೆ ಎಣಿಸಿ ನೋಡಿದರೆ ನಾಲ್ಕೇ ಮರಿಗಳು!”

“ಹೂಂ, ಚಲೋ ಆತು,” ಎಂದು ಅವ್ವ ನಕ್ಕಳು.

ಹಿಂದೆ ಕುಳಿತಿದ್ದ ಒಬ್ಬಾಕೆ ಬಾಯಿಗೆ ಸೆರಗು ಒತ್ತಿಕೊಂಡಳು. ಅಂಕಿತಾಳ ಕಿವಿ ಬಿಸಿಯಾದವು. ಅವ್ವ ಯಾಕ ಹಿಂಗ ಮಾಡಾಕತ್ತಾಳ?

“ಕೋಳಿ ಓಣಿ ಓಣಿ ಹುಡುಕಿತು. ಮರಿ ಎಲ್ಲೂ ಇಲ್ಲ. ಕೋಳಿ ಅತ್ತಿತು.”

“ಹೂಂ, ಹೂಂ.” ಅವ್ವ ಇನ್ನೂ ನಗುತ್ತಲೇ ಇದ್ದಳು.

ಕುಬೇರಪ್ಪನವರು ಟೀಚರ್ ಕಡೆ ಬಾಗಿ ಅಂದರು. “ತಾಯಿ ಗ್ಯಾನ ಇಲ್ಲಿ ಇಲ್ಲ ಬಿಡ್ರಿ. ಮನಿಮಂದಿ ಓದು ಅಂದ್ರ ಹೂಂ ಅಂತ ಕುಂಡ್ರೂದಲ್ಲ. ಪಂಚಾಯ್ತಿಗೇ ಒಯ್ಯೂಣು.”

ಅದು ಎಲ್ಲರಿಗೂ ಕೇಳಿಸಿತು. ಮಜೀದ ಕಾಕಾ ತಲೆ ತಗ್ಗಿಸಿದ. ಟೀಚರ್ ಮುಖ ಕೆಂಪಾಯಿತು. ಅವ್ವನ ಮುಖ ಮಾತ್ರ ಹಾಗೆಯೇ ಇತ್ತು. ಏನೂ ಆಗದವರ ಹಾಗೆ.

ಅಂಕಿತಾ ಅವ್ವನನ್ನೇ ನೋಡಿದಳು. ಅವ್ವನ ಕಣ್ಣು ಪುಸ್ತಕದ ಮೇಲೆ ಇರಲಿಲ್ಲ, ಚಿತ್ರದ ಮೇಲೂ ಇರಲಿಲ್ಲ. ಅಂಕಿತಾಳ ತುಟಿಯ ಮೇಲಿತ್ತು. ತುಟಿ ನಿಂತ ಕೂಡಲೇ ಅವ್ವ ಹೂಂ ಅನ್ನುತ್ತಿದ್ದಳು.

ಮೊನ್ನೆ ನಳದ ಹತ್ತಿರ ಹಿಂದಿನಿಂದ ನಾಲ್ಕು ಸಲ ಕರೆದಿದ್ದಳು. ಅವ್ವ ತಿರುಗಲೇ ಇಲ್ಲ. “ಕಿವುಡಿ ಆಗೀಯೇನು?” ಎಂದು ಅಂಕಿತಾ ಸಿಡುಕಿದ್ದಳು. ಅವ್ವ ಕೊಡ ಎತ್ತಿಕೊಂಡು ಬರೀ ನಕ್ಕಿದ್ದಳು.

ಎಂಟು ವರ್ಷದಿಂದ ಅವ್ವ ಈ ಗಿರಣಿಯ ಬಾಯಿಯ ಹತ್ತಿರವೇ, ಅದರ ಗುಡುಗಿನಲ್ಲೇ ನಿಂತಿದ್ದಾಳೆ.

ಅಂಕಿತಾ ಪುಟ ಹಿಂದಕ್ಕೆ ತಿರುವಿದಳು. ಟೀಚರ್ ಕಡೆ ನೋಡಲಿಲ್ಲ. ಎದೆ ತುಂಬ ಉಸಿರು ತೆಗೆದುಕೊಂಡಳು.

“ಒಂದು ಊರಿನಲ್ಲಿ ಒಂದು ಕೋಳಿ ಇತ್ತು! ಅದಕ್ಕೆ ಐದು ಮರಿಗಳು!”

ಕುಬೇರಪ್ಪನವರು ಕುಂತಲ್ಲೇ ಬೆಚ್ಚಿದರು. ತಗಡಿನ ಮೇಲಿನ ಗುಬ್ಬಿಗಳು ಪುರ್ರೆಂದು ಹಾರಿಹೋದವು.

“ಹೂಂ!” ಎಂದಳು ಅವ್ವ. ಈ ಸಲ ತಡವಾಗಲಿಲ್ಲ.

“ಎಣಿಸಿ ನೋಡಿದರೆ ನಾಲ್ಕೇ ಮರಿಗಳು!”

“ಅಯ್ಯ ಶಿವನ! ಇನ್ನೊಂದು ಎಲ್ಲಿ ಹೋತು?”

“ಕೋಳಿ ಓಣಿ ಓಣಿ ಹುಡುಕಿತು! ಮರಿ ಎಲ್ಲೂ ಇಲ್ಲ!”

“ಗಟಾರದಾಗ ನೋಡಿತಂತೇನು? ಮೊದಲ ಗಟಾರದಾಗ ನೋಡಬೇಕು! ನಮ್ಮ ಮರಿ ಅಲ್ಲೇ ಸಿಕ್ಕಿತ್ತಲ್ಲ!”

“ಬುಟ್ಟಿ ಕೆಳಗೂ ನೋಡಬೇಕ,” ಎಂದಳು ಇನ್ನೊಬ್ಬಾಕೆ.

“ಹದ್ದು ಒಯ್ದಿರಬೇಕ ಬಿಡ್ರಿ,” ಎಂದ ಮಜೀದ ಕಾಕಾ. ಹೆಂಗಸರೆಲ್ಲ ಅವನ ಮೇಲೆ ಹರಿಹಾಯ್ದರು. “ಏ, ಬಿಡ್ತು ಅನ್ನೋ ಮಾರಾಯ! ಅಪಶಕುನ ನುಡೀಬ್ಯಾಡ!”

ಅಂಕಿತಾ ಓದುತ್ತಲೇ ಹೋದಳು. ಕೊನೆಗೆ ಮರಿ ಮುದುಕಿಯೊಬ್ಬಳ ಕೌದಿಯಲ್ಲಿ ಬೆಚ್ಚಗೆ ಮಲಗಿದ್ದು ಸಿಕ್ಕಿತು. ಅವ್ವ ಕಣ್ಣು ಒರೆಸಿಕೊಂಡಳು, ಹಿಟ್ಟು ಕೆನ್ನೆಗೆ ಮೆತ್ತಿತು.

ಕುಬೇರಪ್ಪನವರ ಕರವಸ್ತ್ರ ಯಾವಾಗಲೋ ತೊಡೆಯ ಮೇಲೆ ಬಿದ್ದಿತ್ತು.

“ಅಲ್ಲವಾ ತಂಗಿ,” ಎಂದರು ಅವರು, “ಗಿರಣಿ ಬಂದ್ ಐತಿ. ಮೊದಲ ಎಷ್ಟ್ ಚಂದ ಓದಾಕತ್ತಿದ್ದಿ. ನಡುವ ಯಾಕ ಹಂಗ ಒದರಿದಿ?”

ಎಲ್ಲರೂ ಅಂಕಿತಾಳ ಕಡೆ ನೋಡಿದರು. ಅವ್ವನೂ ನೋಡಿದಳು. ಆ ನೋಟದಲ್ಲಿ ಸಣ್ಣ ಅಂಜಿಕೆ ಇತ್ತು. ಇಷ್ಟು ಜನರ ಮುಂದೆ ಅವ್ವನ ಕಿವಿಯ ಮಾತು ಹೇಳುವುದು ಅಂಕಿತಾಗೆ ಬೇಕಾಗಲಿಲ್ಲ.

“ರೂಢಿರಿ,” ಎಂದಳು. “ಇಲ್ಲೇ ಓದಿ ಓದಿ ನನ್ನ ದನಿನ ಹಂಗ ಆಗೇತ್ರಿ.”

“ಹೌದೇನು?” ಕುಬೇರಪ್ಪನವರು ನಕ್ಕು ಮಜೀದ ಕಾಕಾನ ಕಡೆ ತಿರುಗಿದರು. “ಹಂಗಾದ್ರ ಗಿರಣಿ ಯಾಕ ಬಂದ್ ಮಾಡಿದ್ಯೋ? ಚಾಲೂ ಮಾಡು! ಖರೇ ಹೌದಿಲ್ಲೋ ನೋಡೂಣು.”

ಗಿರಣಿ ಮತ್ತೆ ಗುಡುಗಿತು. ಅವ್ವ ಮೆಟ್ಟಿಲು ಹತ್ತಿದಳು. ಅಂಕಿತಾ ಎಮ್ಮೆಯ ಕತೆ ತೆಗೆದಳು. ಹೆಂಗಸರು ತಮ್ಮ ಸರದಿ ಬಂದರೂ “ನಂದು ಆಮ್ಯಾಲೆ ಹಾಕ್ರಿ, ಕತಿ ಮುಗೀಲಿ” ಎಂದು ಡಬ್ಬಿ ಹಿಂದಕ್ಕೆ ಸರಿಸಿದರು. ಕುಬೇರಪ್ಪನವರು ಮೊದಮೊದಲು ಕಿವಿಗೆ ಕೈ ಅಡ್ಡ ಹಿಡಿದು ಕೇಳಿದರು. ಗೌಡರ ಅಂಗಿ ರಾಡಿಯಾದಾಗ ತಮಗೇ ಗೊತ್ತಿಲ್ಲದೆ “ಹೂಂ!” ಎಂದರು.

ಹೊರಡುವಾಗ ಅವರು ಮಜೀದ ಕಾಕಾನ ಹೆಗಲ ಮೇಲೆ ಕೈ ಇಟ್ಟರು. “ಕಪಾಟು ಇಲ್ಲೇ ಇರ್ಲಿ. ಹಿಟ್ಟು ಬೀಳದಂಗ ಒಂದು ಗಾಜಿನ ಬಾಗಲಾ ಹಚ್ಚಸ್ತೇನಿ. ಬರೂ ವರ್ಷದ ಪುಸ್ತಕ ನಮ್ಮ ಅಂಗಡ್ಯಾವ್ರು ಎಲ್ಲಾರೂ ಕೂಡಿ ಕೊಡ್ತೇವಿ.”

ಅವ್ವ ಕೆಳಗೆ ಇಳಿದು ಬಂದು ಬಿಳೀ ಕೈ ಜೋಡಿಸಿದಳು.

“ನಾ ಸಾಲಿ ಕಟ್ಟಿ ಹತ್ತಿದಾಕಿ ಅಲ್ಲರಿ ಯಪ್ಪಾ. ಈ ವರ್ಷ ಮೂವತ್ತೊಂದು ಕತಿ ಕೇಳೇನಿ. ನೀವು ಪುಸ್ತಕಾ ಕೊಟ್ರಿ, ಕಾಕಾ ಜಾಗಾ ಕೊಟ್ಟ, ಟೀಚರು ಹೊತ್ಕೊಂಡು ಬಂದ್ರು, ನನ್ನ ಮಗಳು ಓದಿದ್ಲು. ನಾ ಬರೇ ಹೂಂ ಅಂದೇನ್ರಿ. ಶಿವಾ ನಿಮ್ಮನ್ನ ಚಲೋ ಇಡ್ಲಿ.”

 ಕುಬೇರಪ್ಪನವರೂ ಕೈ ಜೋಡಿಸಿದರು.

ಮರುದಿನ ಭಾನುವಾರ. ಗಿರಣಿಗೆ ರಜೆ. ಇಳಿಹೊತ್ತಿನಲ್ಲಿ ಅವ್ವ ಮನೆಯ ಕಟ್ಟೆಯ ಮೇಲೆ ಅಕ್ಕಿ ಹಸನು ಮಾಡುತ್ತ ಕುಳಿತಿದ್ದಳು. ಅಂಕಿತಾ ಅವಳ ಬಲಕ್ಕೆ ಬಂದು ಕುಳಿತಳು.

“ಅವ್ವಾ,” ಎಂದಳು ಮೆಲ್ಲಗೆ.

ಅವ್ವ ಮೊರದಲ್ಲಿಯ ಕಲ್ಲು ಆರಿಸುತ್ತಲೇ ಇದ್ದಳು.

ಅಂಕಿತಾ ಎದ್ದು ಎಡಕ್ಕೆ ಹೋಗಿ ಕುಳಿತಳು. “ಅವ್ವಾ.”

“ಏನವಾ?” ಅವ್ವ ಥಟ್ಟನೆ ತಿರುಗಿದಳು. ಆಮೇಲೆ ಸ್ವಲ್ಪ ಹೊತ್ತು ಅವಳನ್ನೇ ನೋಡಿ, “ಅಲ್ಲಿ ಕುಂತಾಕಿ ಇಲ್ಲಿಗ್ಯಾಕ ಬಂದಿ?” ಎಂದು ಕೇಳಿದಳು.

ಅಂಕಿತಾ ಪುಸ್ತಕ ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡಳು.

“ಈ ಕಡೆ ಬೆಳಕು ಚಲೋ ಐತಿ,” ಎಂದಳು.

ಬಿಸಿಲು ಕಟ್ಟೆಯ ಉದ್ದಕ್ಕೂ ಒಂದೇ ಸಮ ಬಿದ್ದಿತ್ತು. ಅವ್ವ ಅಕ್ಕಿಯ ಮೊರ ಪಕ್ಕಕ್ಕೆ ಸರಿಸಿ, ಮಗಳ ಹತ್ತಿರಕ್ಕೆ ಇನ್ನಷ್ಟು ಒತ್ತಿ ಕುಳಿತಳು.