ಅಪ್ಪನ ಗಾಜಿನ ತೊಟ್ಟಿ

"ಕೈ ತಗೀರಿ ಮೊದಲ!"

ಶಿವಾನಿಯ ದನಿಗೆ ಅವನ ಬೆರಳು ಗಾಜಿನ ಮೇಲೆಯೇ ನಿಂತುಬಿಟ್ಟಿತು.

"ಯಾರ್ರೀ ನೀವು? ಯಾರ ಕೇಳಿ ನಮ್ಮಪ್ಪನ ತೊಟ್ಟಿ ಬಾರಿಸಾಕ ಹತ್ತೀರಿ?"

"ಅಮ್ಮಾರ ಕೇಳೇನ ಒಳಗ ಬಂದೇನ್ರಿ. ಚಾ ಮಾಡಾಕ ಹೋಗ್ಯಾರ." ಅವನು ಮೆಲ್ಲಗೆ ಕೈ ಹಿಂದೆ ತೆಗೆದ. "ನಾ ಕಲ್ಮೇಶ. ಯರಗಟ್ಟ್ಯಾಗ ಗಾಜಿನ ಅಂಗಡಿ ಐತಿ. ಮೀನಿನ ತೊಟ್ಟಿಗೆ ತೂತು ಹಾಕಬೇಕಂತ ಫೋನ್ ಮಾಡಿದಾಕಿ ನೀವ ಅಲ್ಲೇನ್ರಿ?"

ಹೌದು, ಅವಳೇ. ನಾಚಿಕೆಯಾಯಿತು. ಆದರೆ ಸೋಲುವ ಹೆಣ್ಣಲ್ಲ ಅವಳು.

"ತೂತು ಹಾಕಾಕ ಕರದದ್ದು. ಡೊಳ್ಳು ಬಾರಿಸಾಕಲ್ಲ!"

ಅವನು ನಕ್ಕ. ಆ ನಗುವನ್ನು ಕಂಡು ಅವಳಿಗೆ ಇನ್ನೂ ಸಿಟ್ಟು ಬಂತು. ಆದರೂ ಮತ್ತೊಮ್ಮೆ ನೋಡಿದಳು...

ರಾಮದುರ್ಗದ ಆ ಮನೆಯ ಪಡಸಾಲೆಯಲ್ಲಿ ತೊಟ್ಟಿ ಖಾಲಿ ನಿಂತಿತ್ತು. ಅಪ್ಪ ನಿಜಗುಣಪ್ಪ ಸ್ವಂತ ಕೈಯಿಂದ ಗಾಜು ಕೊಯ್ದು, ಅಂಟಿಸಿ ಮಾಡಿದ್ದು. ಅವರು ತೀರಿಕೊಂಡ ಮೇಲೆ ನೀರು ಬದಲಿಸುವವರಿಲ್ಲದೆ ಮೀನುಗಳೂ ಹೋದವು. ಅವ್ವ ಸೋಮವ್ವನ ಸೊಂಟ ಬಕೀಟು ಎತ್ತಲು ಬಿಡದು. ಶಿವಾನಿ ಔಷಧಿ ಅಂಗಡಿಯ ಕೆಲಸಕ್ಕೆ ಹೋದರೆ ಮರಳುವುದು ಸಂಜೆ. ತಳಕ್ಕೆ ತೂತು ಹಾಕಿ ಪೈಪು ಕೂಡಿಸಿದರೆ ನಲ್ಲಿ ತಿರುವಿದ ಕೂಡಲೇ ಕೊಳೆ ನೀರು ಹಿತ್ತಲಿಗೆ ಹರಿಯುತ್ತದೆ.

ಅಪ್ಪನ ವರ್ಷದ ದಿನದೊಳಗೆ ಆ ತೊಟ್ಟಿಯಲ್ಲಿ ಮೀನು ಓಡಾಡಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

"ಮೊದಲ ಬ್ಯಾರೆ ಗಾಜಿನ ಮ್ಯಾಲ ಮಾಡಿ ತೋರಸ್ರಿ. ಆಮ್ಯಾಲ ಇದನ್ನ ಮುಟ್ರಿ," ಎಂದಳು.

ಮುಂದಿನ ರವಿವಾರ ಅವನು ಗಾಜಿನ ತುಂಡುಗಳನ್ನು ಹೊತ್ತು ತಂದ. ಬಂದವನೇ ಚಪಾತಿ ಕಣಕ ಕೇಳಿದ.

"ಗಾಜಿಗೂ ಹಸಿವಾತೇನೋ ತಮ್ಮಾ?" ಸೋಮವ್ವ ನಕ್ಕಳು. ಗಂಡ ಹೋದ ಮೇಲೆ ಆ ಮನೆಯಲ್ಲಿ ಅವಳ ನಗು ಕೇಳಿದ್ದು ಅಪರೂಪ.

ಕಣಕವನ್ನು ಬಳೆಯಂತೆ ಗಾಜಿನ ಮೇಲೆ ಕಟ್ಟಿ, ಒಳಗೆ ನೀರು ತುಂಬಿದ. ನೀರಿಲ್ಲದಿದ್ದರೆ ಗಾಜು ಕಾಯ್ದು ಬಿರುಕು ಬಿಡುತ್ತದೆ. ಡ್ರಿಲ್ ಮಷೀನನ್ನು ಅವಳ ಕೈಗೇ ಕೊಟ್ಟ.

"ಒತ್ತಬ್ಯಾಡ್ರಿ. ಮಷೀನಿನ ಭಾರ ಸಾಕು. ಅವಸರ ಮಾಡಿದ್ರ ಇದು ಸೆಟಗೊಂಡು ಒಡೀತೈತಿ."

"ಹಂಗಾರ ನನ್ನಂಗನ ಐತಿ ಬಿಡ್ರಿ."

"ಅದಕ್ಕ ನಂಗ ಗಾಜು ಅಂದ್ರ ಜೀವ..."

ಆಡಿದ ಮೇಲೆ ಏನು ಆಡಿದೆನೆಂದು ತಿಳಿದು ಅವನ ಕಿವಿ ಕೆಂಪಾದವು. ಅವಳು ತಲೆ ಎತ್ತಲಿಲ್ಲ. ಎದೆ ಮಾತ್ರ ಮಷೀನಿಗಿಂತ ಜೋರಾಗಿ ಬಡಿದುಕೊಳ್ಳುತ್ತಿತ್ತು!

ಹಾಗೆ ಕೆಲವು ರವಿವಾರ ಕಳೆದವು. ಕಲಿಯಲು ಅಷ್ಟು ದಿನ ಬೇಕಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಕಡೆಗೆ ತೊಟ್ಟಿಯ ಸರದಿ ಬಂತು. ಅಂಗಳದಲ್ಲಿ ಕೌದಿ ಹಾಸಿ, ಅದರ ಮೇಲೆ ತೊಟ್ಟಿಯನ್ನು ಬೋರಲು ಹಾಕಿದರು. ಕಲ್ಮೇಶ ಚೀಲದಿಂದ ಕಪ್ಪು ಚಶ್ಮಾ ತೆಗೆದ.

"ಇದ್ಯಾಕ? ಬಿಸಲೇನ ಇಲ್ಲಲ್ಲ?"

"ಕೆಲವು ಗಾಜು ಕಾಯಿಸಿ ಗಟ್ಟಿ ಮಾಡಿದ್ದಿರತಾವ್ರಿ. ಅವಕ್ಕ ತೂತು ಹಾಕಾಕ ಬರೂದಿಲ್ಲ, ಸಿಡೀತಾವ. ಹಿಂದ ಫೋನಿನ ಸ್ಕ್ರೀನಿನ ಬೆಳಕು ಹಿಡದು ಈ ಚಶ್ಮಾದಾಗ ನೋಡಿದ್ರ ಕರೀ ಕಲೆ ಕಾಣತಾವ. ತಳಾ ಒಮ್ಮೆ ನೋಡಿಬಿಡತೇನಿ."

"ಗಟ್ಟಿ ಮಾಡಿದ ಗಾಜು ಮನಿಯಾಗ ಕೊಯ್ಯಾಕ ಬರತೈತೇನು?"

"ಬರೂದಿಲ್ಲ."

"ಇದನ್ನ ನಮ್ಮಪ್ಪ ನನ್ನ ಕಣ್ಣ ಮುಂದ ಕೊಯ್ದಾನ. ಸತ್ತವನ ಕೆಲಸಾ ಪರೀಕ್ಷೆ ಮಾಡ್ತೀರೇನು?"

ಅವಳ ಕಣ್ಣು ತುಂಬಿ ಬಂದವು. ಕಲ್ಮೇಶ ಒಂದು ಗಳಿಗೆ ನೋಡಿದ. ಚಶ್ಮಾ ಮಡಚಿ ಕಿಸೆಗೆ ಹಾಕಿಕೊಂಡ.

ಬಾಗಿಲಲ್ಲಿ ನಿಂತ ಸೋಮವ್ವ ಏನೋ ಹೇಳಲು ಬಾಯಿ ತೆರೆದಳು... ಹೇಳಲಿಲ್ಲ.

ಕಲ್ಮೇಶನ ಕೈಯಲ್ಲಿ ಮಷೀನು ತಿರುಗಿತು. ಕಣಕದ ಬಳೆಯೊಳಗಿನ ನೀರು ಹಾಲಿನಂತೆ ಬೆಳ್ಳಗಾಯಿತು. ಶಿವಾನಿ ಉಸಿರು ಬಿಗಿಹಿಡಿದಳು.

ಢಬ್!

ತಳವೆಲ್ಲ ಒಂದೇ ಏಟಿಗೆ ಸಿಡಿದು ಹರಳು ಹರಳಾಗಿ ಕೌದಿಯ ಮೇಲೆ ಸುರಿಯಿತು. ಕಲ್ಮೇಶನ ಮುಂಗೈಯಲ್ಲಿ ರಕ್ತ ಜಿನುಗಿತು.

ಅವನು ಒಂದು ಹರಳನ್ನು ಎತ್ತಿ ನೋಡಿದ. ಸಾದಾ ಗಾಜು ಚೂಪಾದ ಚೂರಾಗಿ ಒಡೆಯುತ್ತದೆ. ಹೀಗೆ ಕಲ್ಲುಸಕ್ಕರೆಯಂತೆ ಉದುರುವುದು ಕಾಯಿಸಿ ಗಟ್ಟಿ ಮಾಡಿದ್ದು ಮಾತ್ರ. ಅಂದರೆ ಈ ತಳ ನಿಜಗುಣಪ್ಪ ಕೊಯ್ದದ್ದಲ್ಲ! ಅವನು ತಲೆ ಎತ್ತಿದ. ಸೋಮವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಬೇಡ, ಹೇಳಬೇಡ ಎಂದು ತಲೆಯಾಡಿಸುತ್ತಿದ್ದಳು.

"ಏನಾತು? ಮಾತಾಡ್ರಿ! ಏನಾತು?"

"ತಪ್ಪು ನಂದ್ರಿ," ಎಂದ ಕಲ್ಮೇಶ.

"ನಮ್ಮಪ್ಪ ಉಳಿಸಿ ಹೋಗಿದ್ದು ಇದೊಂದ ಇತ್ತು... ಇದೊಂದ! ಹೋಗ್ರಿ! ಮತ್ತ ನನ್ನ ಕಣ್ಣಿಗೆ ಬೀಳಬ್ಯಾಡ್ರಿ!"

ಅವನು ಹೋದ. ಕೈಗೆ ಅರಿವೆ ಕಟ್ಟಿಕೊಳ್ಳಲು ಸಹ ನಿಲ್ಲಲಿಲ್ಲ. ಸಿಟ್ಟಿಗೆ ಬಾಯಿ ಉಂಟು, ಕಿವಿ ಇಲ್ಲ. ತಪ್ಪು ಹೇಗಾಯಿತೆಂದು ಶಿವಾನಿ ಕೇಳಲಿಲ್ಲ.

ಅಪ್ಪನ ವರ್ಷದ ದಿನ ಬಂತು. ಫೋಟೋಕ್ಕೆ ಹಾರ ಹಾಕಿದರು. ಬಂದವರೆಲ್ಲ ಉಂಡು ಹೋದರು. ಸೋಮವ್ವ ಮಾತ್ರ ತಾಟಿಗೆ ಕೈ ಹಚ್ಚಲಿಲ್ಲ.

"ಉಣ್ಣವ್ವಾ. ಅಪ್ಪಗ ಸೇರೂದಿಲ್ಲ ಹಿಂಗ ಮಾಡಿದ್ರ."

"ಆ ತಳಾ ನಿಮ್ಮಪ್ಪಂದಲ್ಲ ಶಿವಾನಿ."

ಶಿವಾನಿಯ ಕೈಯಲ್ಲಿನ ತುತ್ತು ಹಾಗೇ ಉಳಿಯಿತು.

"ನೀನೂ ಅಪ್ಪನೂ ಬೆಳಗಾವಿ ದವಾಖಾನ್ಯಾಗ ಇದ್ರಿ. ತೊಟ್ಟಿ ತೊಳೆಯೂವಾಗ ನನ್ನ ಕೈ ಜಾರಿ ತಾಮ್ರದ ಕೊಡಾ ಒಳಗ ಬಿತ್ತು. ತಳಾ ಸೀಳಿತು. ಅಂವಾ ಫೋನಿನಾಗ ದಿನಾ ಕೇಳಾಂವ... ತೊಟ್ಟಿ ಚೊಲೊ ಐತೇನ ಅಂತ. ಸಾಯೂ ಮನಶ್ಯಾಗ ಹೆಂಗ ಹೇಳಲಿ? ಬೈಲಹೊಂಗಲದ ಗಾಜಿನ ಅಂಗಡಿಯಾಂವನ್ನ ಕರಿಸಿ ಹೊಸಾ ತಳಾ ಹಾಕಿಸಿದೆ. ಎಲ್ಲಾಕ್ಕಿಂತ ಗಟ್ಟಿದು ಹಾಕಪಾ, ಮತ್ತ ಒಡೀಬಾರದು ಅಂದೆ. ಆ ಗಟ್ಟಿನ ಮುಳುವಾತು!"

"ನಂಗರೆ ಹೇಳಬಾರದಾ?"

"ಅಪ್ಪ ಮಾಡಿದ್ದು ಅಂತ ದಿನಾ ಅದನ್ನ ಸವರತಿದ್ದಿ. ಅದನ್ನ ಹೆಂಗ ಕಸಗೊಳ್ಳಲಿ ನಿನ್ನ ಕಡಿಂದ? ಆ ಹುಡುಗ ಹರಳು ನೋಡಿದ ಕೂಡಲೆ ತಿಳಕೊಂಡ. ನನ್ನ ಮಾರಿ ನೋಡಿ ತನ್ನ ಮ್ಯಾಲ ಹಾಕ್ಕೊಂಡ."

ಶಿವಾನಿ ಅವ್ವನನ್ನು ಅಪ್ಪಿಕೊಂಡಳು. ಇಬ್ಬರೂ ಅತ್ತರು. ಆಮೇಲೆ ಅವಳೇ ಅವ್ವನ ಬಾಯಿಗೆ ತುತ್ತು ಇಟ್ಟಳು.

ಮರುದಿನ ಮುಂಜಾನೆ ಅವಳು ಯರಗಟ್ಟಿ ಬಸ್ಸು ಹತ್ತಿದಳು. *ಬಾ ಅಂದಾನೇನು? ಹೋಗು ಅಂದ್ರ?* ದಾರಿಯುದ್ದಕ್ಕೂ ಇದೇ ಚಿಂತೆ.

ಕಲ್ಮೇಶ ಅಂಗಡಿಯಲ್ಲಿ ಕಿಟಕಿಯ ಗಾಜು ಅಳೆಯುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

"ಅವ್ವ ಎಲ್ಲಾ ಹೇಳಿದ್ಲು. ಯಾಕ ಸುಳ್ಳ ಹೇಳಿದ್ರಿ?"

"ಸುಳ್ಳ ಹೇಳಿಲ್ರಿ. ನೋಡದ ತೂತು ಹಾಕಿದ ತಪ್ಪು ನಂದ ಐತಿ."

"ನೋಡಾಕ ನಿಂತಿದ್ರಿ. ಯಾಕ ಬಿಟ್ರಿ?"

"ನೀವು ಅಳತಿದ್ರಿ." ಅವನು ಮುಖ ತಿರುಗಿಸಿದ. "ಇಷ್ಟು ವರ್ಷದ ಕಸಬಿನಾಗ ಯಾರು ಹೇಳಿದ್ರೂ ಪರೀಕ್ಷೆ ಬಿಟ್ಟಾವಲ್ಲ ನಾ. ಅವತ್ತ ಬಿಟ್ಟೆ."

ಶಿವಾನಿ ಒಂದು ಹೆಜ್ಜೆ ಹತ್ತಿರ ಬಂದಳು.

"ನಾ ಸಿಟ್ಟಿನಾಕಿ. ಮತ್ತೂ ಬೈತೇನಿ."

"ಬೈರಿ. ಬೈಯೂಕಿಂತ ಮೊದಲ ಒಮ್ಮೆ ಖರೇ ಏನಂತ ಕೇಳ್ರಿ. ಅಷ್ಟ ಸಾಕು."

"ಈಗ ಕೇಳತೇನಿ." ಅವಳು ಅವನ ಕಣ್ಣಲ್ಲಿ ಕಣ್ಣಿಟ್ಟಳು. "ನನ್ನ ಮ್ಯಾಲ ಮನಸೈತೇನು? ಖರೇ ಹೇಳ್ರಿ."

ಅವನ ಕಣ್ಣು ಒದ್ದೆಯಾದವು.

"ಐತ್ರಿ. ಭಾಳ ಐತಿ... ಆದ್ರ ಅಮ್ಮಾರನ್ನ ಯಾರು ಕೇಳೂದು?"

"ಕೇಳೂದೇನೈತಿ? ಬಸ್ ಚಾರ್ಜಿಗೆ ರೊಕ್ಕಾ ಕೊಟ್ಟು ಕಳಿಸಿದಾಕಿನ ಆಕಿ!"