ಎಡಕ್ಕೆ, ತುಸು ಹಿಂದೆ

ಬಾಲಾನಗರದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದರೆ, ಮೈ ಸೋತಿದ್ದರೂ ನನಗೆ ನಿದ್ದೆ ಹತ್ತುವುದಿಲ್ಲ. ಆ ಬೆಳಿಗ್ಗೆಯೂ ಲ್ಯಾಪ್‌ಟಾಪಿಗೆ ಸೌಂಡ್ ಕಾರ್ಡ್ ಸಿಕ್ಕಿಸಿ, ಅದಕ್ಕೆ ಜೋಡಿಸಿದ ಹೆಡ್‌ಫೋನ್ ಹಾಕಿಕೊಂಡು ಗೇಮ್ ಆಡುತ್ತಿದ್ದೆ. ಕಾರ್ಡಿನಲ್ಲಿ ಸರೌಂಡ್ ಇದೆ. ಶತ್ರು ಯಾವ ದಿಕ್ಕಿನಿಂದ ಬರುತ್ತಾನೆಂದು ಕಿವಿಗೇ ತಿಳಿಯುತ್ತದೆ.

ಎಡಕ್ಕೆ, ತುಸು ಹಿಂದೆ, ಯಾರೋ ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಂಡು ಸೊರ್ರನೆ ಹೀರಿದರು. ಆಮೇಲೆ ಅಲ್ಲಿಂದಲೇ ಒಂದು ದಣಿದ ದನಿ, "ಚಾ ಆರಾಕತ್ತೈತಿ" ಎಂದಿತು. ಆನ್‌ಲೈನಿನಲ್ಲಿ ನನ್ನ ಜೊತೆ ಆಡುವವರೆಲ್ಲ ತೆಲುಗಿನವರು. ಈ ಊರಲ್ಲಿ ಕನ್ನಡ ಕಿವಿಗೆ ಬಿದ್ದರೆ ಮನೆಯವರೇ ಎಂಬುದು ನಮಗೆ ರೂಢಿ. ತಿರುಗದೆಯೇ, "ಅಲ್ಲೇ ಇಡು" ಎಂದೆ.

ಅಷ್ಟರಲ್ಲಿ ಹೊರಬಾಗಿಲು ತೆರೆದು, ಹೆಂಡತಿ ಶ್ರೀವಿದ್ಯಾ ಹಾಲಿನ ಪಾಕೀಟು ಹಿಡಿದು ಒಳಗೆ ಬಂದಳು. ಮನೆಯಲ್ಲಿರುವುದು ನಾವಿಬ್ಬರೇ. ಲ್ಯಾಪ್‌ಟಾಪಿನಿಂದ ಕಾರ್ಡನ್ನು ಕಿತ್ತೆ. ಅದರ ದೀಪ ಆರಿತು, ಹೆಡ್‌ಫೋನಿನಲ್ಲಿ ಹೀರುವ ಸದ್ದು ಮಾತ್ರ ನಿಲ್ಲಲಿಲ್ಲ.

"ಏನರ ಕೇಳಸ್ತೈತೇನ ನೋಡು" ಎಂದು ಹೆಡ್‌ಫೋನನ್ನು ಅವಳಿಗೆ ಕೊಟ್ಟೆ.

ಅವಳು ಸ್ವಲ್ಪ ಹೊತ್ತು ಕೇಳಿದಳು. ಹಿರಿಯರು ಎದುರಿಗಿದ್ದಂತೆ ಓಢಣಿಯನ್ನು ತಲೆಯ ಮೇಲೆ ಎಳೆದುಕೊಂಡು, "ತಂದೆನ್ರಿ" ಎಂದಳು. ಅಡುಗೆಮನೆಗೆ ಹೋಗಿ ಅಲ್ಲಿಂದ ನನ್ನನ್ನು ಕೂಗಿದಳು:

"ಬಸಿ ಎಲ್ಲಿಟ್ಟೀರಿ?"

ಬಸಿಯ ಮಾತನ್ನು ನಾನು ಅವಳಿಗೆ ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ಬಸಿಯೇ ಇಲ್ಲ.