ಬಚ್ಚಲ ಬಾಗಿಲಲ್ಲಿ ಭಾವ

"ಕಚ್ಚಿದೆ ಅಂತ ಹೇಳೋಕೆ ಸಂಕೋಚ. ಆದ್ರೆ ಇನ್ನೂ ಬಿಟ್ಟಿಲ್ಲ."

ಔಷಧದ ಪೆಟ್ಟಿಗೆ ಹಿಡಿದು ಗೇಟಿನೊಳಗೆ ನಿಂತಿದ್ದ ಪಶುವೈದ್ಯ ಅವಳೊಡನೆ ಆಡಿದ ಮೊದಲ ಮಾತು ಅದು. ಅವನ ಪ್ಯಾಂಟಿನ ಅಂಚು ಗಂಡು ಹೆಬ್ಬಾತಿನ ಕೊಕ್ಕಿನಲ್ಲಿತ್ತು.

"ಭಾವ, ಬಿಡು," ಎಂದಳು ಅವಳು, ನೆಲ ನೋಡುತ್ತಾ.

"ಭಾವನಾ?"

"ಇದರ ಜೋಡೀನ ಅಕ್ಕ ಅಂತೀವಿ. ಹಾಗಾಗಿ ಇದು..."

ಅವನು ನಕ್ಕ. ಅವಳ ಕಿವಿ ಕೆಂಪಾಯಿತು.

ಮುಚ್ಚಿಹೋದ ಸಾಕಣೆ ಕೇಂದ್ರವೊಂದರಿಂದ ಪಾರುಮಾಡಿ ತಂದ ಹೆಬ್ಬಾತುಗಳ ಹಿಂಡನ್ನು ಅವಳೂ ದೊಡ್ಡಮ್ಮನೂ ಹಿತ್ತಿಲಲ್ಲಿ ಸಾಕುತ್ತಿದ್ದರು. ಕಾಲಿನ ಹುಣ್ಣು, ಉಳುಕಿದ ರೆಕ್ಕೆ ಎಂದು ಅವನು ಬರುತ್ತಲೇ ಇದ್ದ. ಆಮೇಲೆ ಕಾರಣವಿಲ್ಲದ ದಿನಗಳಲ್ಲೂ ಬಂದ.

"ಡಾಕ್ಟ್ರು ಹಕ್ಕಿ ನೋಡೋಕೆ ಬರ್ತಾರೋ, ಹಕ್ಕಿ ಸಾಕೋಳನ್ನೋ?" ಎಂದು ದೊಡ್ಡಮ್ಮ ಕೆಣಕಿದರೆ, ಅವಳು ನೀರಿನ ತೊಟ್ಟಿ ತೊಳೆಯಲು ಓಡುತ್ತಿದ್ದಳು. ಆಗಷ್ಟೇ ತೊಳೆದಿಟ್ಟ ತೊಟ್ಟಿಯನ್ನು...

ಅಷ್ಟರಲ್ಲಿ, ಹಿಂಡು ಈಜಲು ಹೋಗುತ್ತಿದ್ದ ಕೆರೆಯಲ್ಲಿ ಕಾಡುಬಾತುಗಳು ಸತ್ತು ತೇಲಿದವು. ಹಕ್ಕಿಜ್ವರದ ಗುಮಾನಿ. ಹಿಂಡಿನ ಪ್ರತಿ ಹಕ್ಕಿಗೂ ಟೆಸ್ಟ್ ಆಗಬೇಕು. ಒಂದಕ್ಕೆ ಸೋಂಕಿದ್ದರೂ ಎಲ್ಲವನ್ನೂ ಕೊಲ್ಲಬೇಕು.

ಅಕ್ಕ ಆ ವಾರವೇ ಕತ್ತು ಜೋತುಬಿಟ್ಟು ಮೂಲೆ ಹಿಡಿದಿತ್ತು.

ಬಿಳಿ ಮೇಲುಡುಪು, ಮುಖಕ್ಕೆ ಮಾಸ್ಕ್ ಹಾಕಿಕೊಂಡು ಬಂದವನನ್ನು ಕಂಡು ಅವಳು ಒಂದು ಹೆಜ್ಜೆ ಹಿಂದೆ ಸರಿದಳು. 'ಔಷಧ ಹಾಕಿದ ಕೈಯೇ ಕತ್ತು ಹಿಸುಕುತ್ತದೆಯೇ?'

ಅವನು ಒಂದೊಂದನ್ನೇ ತೋಳಲ್ಲಿ ಅವುಚಿ, ಹತ್ತಿಯ ಕಡ್ಡಿಯಿಂದ ಗಂಟಲು ಸವರಿ, ರೆಕ್ಕೆಯಡಿಯಿಂದ ರಕ್ತ ತೆಗೆದ. ಕೊನೆಗೆ ಕೇಳಿದ, "ಎಲ್ಲಾ ಇಷ್ಟೇನಾ?"

"ಇಷ್ಟೇ."

ಅವಳ ಬೆನ್ನ ಹಿಂದೆ, ಬಚ್ಚಲುಮನೆಯ ಮುಚ್ಚಿದ ಬಾಗಿಲಿಗೆ ಕತ್ತು ಚಾಚಿ ಭಾವ ಕೂಗುತ್ತಿತ್ತು. ಅವನು ಭಾವನನ್ನು ನೋಡಿದ. ಅವಳನ್ನು ನೋಡಿದ. ಕಾದ. ಅವಳು ನೆಲ ನೋಡಿದಳು.

"ಸರಿ," ಎಂದು ಪೆಟ್ಟಿಗೆ ಮುಚ್ಚಿದ.

ಮರುದಿನ ಬೆಳಿಗ್ಗೆ ಅಕ್ಕ ಸತ್ತಿತ್ತು.

ಫೋನಿನಲ್ಲಿ ಅವಳಿಗೆ ಹೇಳಲಾದದ್ದು ಇಷ್ಟೇ: "ಇನ್ನೊಂದಿತ್ತು... ಬಚ್ಚಲಲ್ಲಿ..."

"ಗೊತ್ತು," ಎಂದ ಅವನು.

ತಾನೇ ಬಂದು ಅಕ್ಕನನ್ನು ಲ್ಯಾಬಿಗೆ ಒಯ್ದ. ಬೈದಿದ್ದರೂ ಚೆನ್ನಾಗಿತ್ತು ಅನಿಸಿತು ಅವಳಿಗೆ.

ಫಲಿತಾಂಶ ಬಂದ ಸಂಜೆ ಮತ್ತೆ ಬಂದ. ಬಚ್ಚಲ ಮುಂದಿನ ಮೆಟ್ಟಿಲ ಮೇಲೆ ಕುಳಿತ.

"ಯಾವುದಕ್ಕೂ ಹಕ್ಕಿಜ್ವರ ಇಲ್ಲ. ಹಿಂಡು ಉಳೀತು."

"ಅಕ್ಕನಿಗೆ?"

"ಅದಕ್ಕೂ ಇರ್ಲಿಲ್ಲ. ಹೊಟ್ಟೇಲಿ ಸೀಸದ ಗುಂಡು ಸಿಕ್ತು. ಮೀನಿನ ಗಾಳಕ್ಕೆ ಭಾರ ಕಟ್ತಾರಲ್ಲ, ಅದು. ಕೆರೆ ದಂಡೇಲಿ, ಮೇವು ಅರೆಯೋ ಕಲ್ಲು ಅಂತ ನುಂಗಿದೆ. ಮೈಗೆಲ್ಲ ವಿಷ ಏರಿತ್ತು."

"ಅವತ್ತೇ ನಿಮ್ಗೆ ತೋರಿಸಿದ್ದಿದ್ರೆ...?"

ಅವನು ತಡೆದು ಹೇಳಿದ, "ಬದುಕ್ತಿತ್ತೇನೋ. ಇಂಜೆಕ್ಷನ್ ಇದೆ ಅದಕ್ಕೆ."

ಅವಳು ಬಾಯಿಗೆ ದುಪ್ಪಟ್ಟಾದ ಅಂಚು ಒತ್ತಿಕೊಂಡಳು. 'ಉಳಿಸಲು ಹೋಗಿ ನಾನೇ...'

"ನಿಮ್ಮೊಬ್ಬರದೇ ಅಲ್ಲ," ಎಂದ ಅವನು. "ಭಾವ ಬಾಗಿಲಲ್ಲಿ ನಿಂತಾಗ್ಲೇ ನಂಗೆ ಗೊತ್ತಾಯ್ತು. ನೀವೇ ಹೇಳ್ತೀರ ಅಂತ ಕಾದೆ. ಹೇಳ್ಲಿಲ್ಲ, ಮುನಿಸ್ಕೊಂಡು ಹೋದೆ. ಬರೀ ಡಾಕ್ಟರಾಗಿದ್ರೆ ಬಾಗಿಲು ತೆಗೀತಿದ್ದೆ."

"ಮತ್ತೆ ಅವತ್ತು ಏನಾಗಿದ್ರಿ?" ಕೇಳಿದ್ದು ತಾನೇ ಎಂದು ಅವಳಿಗೇ ನಂಬಲಾಗಲಿಲ್ಲ.

"ನಿಮ್ಮ ನಂಬಿಕೆಗೆ ಕಾದು ನಿಂತ ದಡ್ಡ."

ಅವಳು ಎದ್ದು ಬಚ್ಚಲ ಬಾಗಿಲನ್ನು ಪೂರ್ತಿ ತೆರೆದಳು. ಭಾವ ಒಳಗೆ ಹೋಯಿತು. ಮೂಲೆಮೂಲೆ ನೋಡಿ ಹೊರಗೆ ಬಂದು, ಅವನ ಕಾಲ ಬಳಿ ಕುಸಿದು ಕುಳಿತಿತು.

"ಟೀ ಎಷ್ಟು ಜನಕ್ಕೆ ಇಡ್ಲೇ?" ಅಡುಗೆಮನೆಯಿಂದ ದೊಡ್ಡಮ್ಮನ ದನಿ.

"ಮೂರು ಜನಕ್ಕೆ, ದೊಡ್ಡಮ್ಮ." ಆಮೇಲೆ ಮೆಲ್ಲಗೆ ಅವನಿಗೆ, "ನಾಳೆ ಬರ್ತೀರಾ?"

"ಯಾವುದಕ್ಕೆ ಹುಷಾರಿಲ್ಲ?"

"ಯಾವುದಕ್ಕೂ ಏನಾಗಿಲ್ಲ." ಈ ಸಲ ಅವಳು ನೆಲ ನೋಡಲಿಲ್ಲ. "ನೀವು ಬರ್ಬೇಕು, ಅಷ್ಟೆ. ನಂಗೆ."

ಅವನ ಉತ್ತರಕ್ಕೆ ಮೊದಲೇ ಭಾವ ಅವನ ಪ್ಯಾಂಟಿನ ಅಂಚನ್ನು ಕಚ್ಚಿ ಹಿಡಿದಿತ್ತು.

"ಬಿಡಿಸ್ಲಾ?"

"ಬೇಡ. ಇರ್ಲಿ ಬಿಡಿ... ನಾನೂ ಇರ್ತೀನಿ."